ಹೊಲದಲ್ಲಿ ದುಡಿಯುವವರ ಯೋಗಕ್ಷೇಮ: ಯಾರ ಹೊಣೆ?



ಒಕ್ಕಲುತನದ ಮಾತು ಬಂದರೆ ನಾವೆಲ್ಲ ಬೀಜ, ಗೊಬ್ಬರ, ಮಳೆ, ಮಾರುಕಟ್ಟೆ ಈ ನಾಲ್ಕರ ಬಗ್ಗೆ ಎಷ್ಟು ಹೊತ್ತಾದರೂ ಮಾತನಾಡುತ್ತೇವೆ. ಈ ನಾಲ್ಕೂ ಸರಿಯಾಗಿದ್ದು ಐದನೆಯದೊಂದು ಇಲ್ಲದಿದ್ದರೆ ರಾಶಿ ಮನೆಗೆ ಬರುವುದಿಲ್ಲ. ಆ ಐದನೆಯದೇ ದುಡಿಯುವ ಕೈ. ಸೋಯಾಬೀನ್ ಕೊಯ್ಯುವವರು, ತೊಗರಿಗೆ ಎಣ್ಣೆ ಹೊಡೆಯುವವರು, ಕಸ ತೆಗೆಯುವ ಹೆಣ್ಣುಮಕ್ಕಳು, ಕಬ್ಬು ಕಡಿಯುವ ಜೋಡಿಗಳು, ವರ್ಷದ ಕರಾರಿನ ಮೇಲೆ ಇರುವ ಸಾಲಗಡಿ, ಇವರೆಲ್ಲರ ಮೈಯಲ್ಲಿ ಶಕ್ತಿ ಇದ್ದರೆ ಮಾತ್ರ ನಮ್ಮ ಹೊಲ ಹೊಲವಾಗಿರುತ್ತದೆ. ಈ ಪಾಠದಲ್ಲಿ ಅವರ ಆರೋಗ್ಯದ ವಿಷಯವನ್ನು ವಿಚಾರ ಮಾಡೋಣ.

ಯೆಣೆಗೂರ, ಉಮರ್ಗಾ, ನಿಲಂಗಾ, ಉದಗೀರ ಈ ಸೀಮೆಯ ನಮ್ಮ ಮನೆತನಗಳಲ್ಲಿ ಯಜಮಾನ ಯಾರು, ಕೂಲಿಯವರು ಯಾರು ಎಂದು ಗೆರೆ ಎಳೆದು ಹೇಳುವುದು ಕಷ್ಟ. ಎರಡು ಎಕರೆ ಇರುವವರು ಇಂದು ತಮ್ಮ ಹೊಲಕ್ಕೆ ನಾಲ್ಕು ಆಳು ಕರೆಯುತ್ತಾರೆ, ನಾಳೆ ತಾವೇ ಬೇರೆಯವರ ಹೊಲಕ್ಕೆ ಹೋಗುತ್ತಾರೆ. ಆದ್ದರಿಂದ ಇಲ್ಲಿ ಹೇಳುವ ಮಾತು ಕರೆಯುವವರಿಗೂ ಉಂಟು, ಹೋಗುವವರಿಗೂ ಉಂಟು.

1. ನಮ್ಮ ಬದುವಿನ ಒಳಗೆ ಕಾನೂನು ಬರುವುದಿಲ್ಲ

ಸಕ್ಕರೆ ಕಾರ್ಖಾನೆಯ ಗೇಟಿನ ಒಳಗೆ ದುಡಿಯುವವನಿಗೆ ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಾರದ ರಜೆ ಇವನ್ನೆಲ್ಲ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ಬರೆದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯವನ್ನು ಮಾಲೀಕರ ಹೊಣೆ ಎಂದೇ ಹೇಳುತ್ತದೆ. ಆದರೆ ಅದೇ ಗೇಟಿಗೆ ಕಬ್ಬು ಕಡಿದು ತರುವ ಗಂಡಹೆಂಡಿರು ತಮ್ಮ ನೌಕರರೆಂದು ಕಾರ್ಖಾನೆಗಳು ಒಪ್ಪುವುದಿಲ್ಲ. ಅವರು ಮುಕಾದಮನ ಜನ. ಇನ್ನು ನಾಲ್ಕು ಆಳು ಕರೆಯುವ ನಮ್ಮ ಸಣ್ಣ ಹೊಲಗಳಿಗೆ ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ.

ಹಾಗಾದರೆ ಅಲ್ಲಿ ಹೊಣೆ ಯಾರದು? ಕರೆದವರದೇ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಕುರಿತು ಬರೆದ ಪತ್ರದಲ್ಲಿ ಆಳಿನ ಶಕ್ತಿಗೆ ಮೀರಿ, ಅವನ ವಯಸ್ಸಿಗೆ ಒಗ್ಗದ ದುಡಿಮೆ ಹೇರುವುದು ನ್ಯಾಯವಲ್ಲವೆಂದು ಕಲಿಸಿದರು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರೈತರು ಎತ್ತಿನ ವಿಷಯದಲ್ಲಿ ಇದನ್ನು ಯಾರೂ ಕಲಿಸದೆ ಪಾಲಿಸುತ್ತಾರೆ. ಮಧ್ಯಾಹ್ನ ಕೊಳ್ಳು ಹರಿಯುತ್ತಾರೆ, ನೀರು ಕುಡಿಸುತ್ತಾರೆ, ನೆರಳಿಗೆ ಕಟ್ಟುತ್ತಾರೆ, ಹೆಗಲು ಹುಣ್ಣಾದರೆ ಎಣ್ಣೆ ಹಚ್ಚಿ ಎರಡು ದಿನ ನೊಗಕ್ಕೆ ಹೂಡುವುದಿಲ್ಲ. ಎತ್ತಿಗೆ ಕೊಟ್ಟಷ್ಟನ್ನಾದರೂ ಆಳಿಗೆ ಕೊಡುತ್ತೇವೆಯೇ ಎಂದು ನಾವು ಕೇಳಿಕೊಳ್ಳಬೇಕು.

2. ಬಿಸಿಲು, ನೀರು ಮತ್ತು ಮೂತ್ರಪಿಂಡ

ನಮ್ಮ ಮರಾಠವಾಡಾದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಠಿಣ ದುಡಿಮೆ ಮಾಡುವವನ ಮೈಯಿಂದ ಇಂಥ ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಹೋದ ನೀರು ಮತ್ತು ಉಪ್ಪು ಮೈಗೆ ಮರಳಿ ಬರದಿದ್ದರೆ ಮೊದಲು ಕಾಲು ಸೆಳೆತ, ಆಮೇಲೆ ತಲೆಸುತ್ತು, ವಾಂತಿ, ಕೊನೆಗೆ ಮೈ ಸುಡುತ್ತಾ ಪ್ರಜ್ಞೆ ತಪ್ಪುವ ಉಷ್ಣಾಘಾತ. ಈ ಕೊನೆಯ ಹಂತಕ್ಕೆ ಹೋದವನು ಗಂಟೆಯೊಳಗೆ ಸಾಯಬಹುದು.

ಇದಕ್ಕಿಂತ ನಿಧಾನವಾಗಿ ಬರುವ ಇನ್ನೊಂದು ಕೇಡೂ ಇದೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಹರೆಯದ ಗಂಡಸರು ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದೆಯೇ ಮೂತ್ರಪಿಂಡ ಕೆಟ್ಟು ಸಾಯತೊಡಗಿದರು. ಬಿಸಿಲಿನಲ್ಲಿ ದಿನವೂ ಒಣಗಿ ದುಡಿಯುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಕಂಡರು. ನಿಕರಾಗುವಾದ ಒಂದು ದೊಡ್ಡ ಸಕ್ಕರೆ ಕಾರ್ಖಾನೆಯ ತೋಟಗಳಲ್ಲಿ ನೀರು, ವಿಶ್ರಾಂತಿ, ನೆರಳು ಈ ಮೂರನ್ನು ನಿಯಮದಂತೆ ಕೊಡಲು ಆರಂಭಿಸಿದ ಮೇಲೆ ಮೂತ್ರಪಿಂಡಕ್ಕೆ ಏಟು ಬೀಳುವವರ ಸಂಖ್ಯೆ ಇಳಿಯಿತು. ದೊಡ್ಡ ಔಷಧವೇನೂ ಅಲ್ಲ, ನೀರು, ವಿಶ್ರಾಂತಿ, ನೆರಳು ಅಷ್ಟೇ.

ನಾವು ಮಾಡಬೇಕಾದುದು ಇಷ್ಟು:

(ಅ) ಬೇಸಿಗೆಯಲ್ಲಿ ಕೆಲಸ ಬೆಳಗಿನ ತಂಪಿನಲ್ಲಿ ಆರಂಭಿಸಿ, ಮಧ್ಯಾಹ್ನ 12ರಿಂದ 4ರವರೆಗೆ ನಿಲ್ಲಿಸಬೇಕು.

(ಆ) ಕೊಡವನ್ನು ಬಾವಿಯ ಹತ್ತಿರ ಇಡದೆ ಆಳುಗಳು ಇರುವ ಸಾಲಿನ ಹತ್ತಿರವೇ ಇಡಬೇಕು. ನೀರು ದೂರವಿದ್ದರೆ ಬಾಯಾರಿದರೂ ಏಳುವುದಿಲ್ಲ. ಬಾಯಾರಿಕೆಗಾಗಿ ಕಾಯದೆ 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇನ್ನೂ ಒಳ್ಳೆಯದು. ತೀರ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸಮತಟ್ಟಾಗಿ ಅಳೆದು ಕಲಸಿ ಕೊಡಬೇಕು.

(ಇ) ಹೊಸದಾಗಿ ಬಂದ ಆಳಿಗೆ, ಕಾಯಿಲೆಯಿಂದ ಎದ್ದವನಿಗೆ ಮೊದಲ ವಾರ ಕಡಿಮೆ ಕೆಲಸ ಕೊಡಬೇಕು. ಮೈ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಬಿಸಿಲಿನ ಸಾವುಗಳು ಹೆಚ್ಚಾಗಿ ಕೆಲಸದ ಮೊದಲ ದಿನಗಳಲ್ಲೇ ಆಗುತ್ತವೆ.

(ಈ) ಮೈ ಸುಡುತ್ತಿದ್ದು ಮಾತು ತಪ್ಪಿದರೆ ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈ ಮೇಲೆಲ್ಲ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಕೂಡದು.

(ಉ) ಮೈಕೈ ನೋವೆಂದು ದಿನವೂ ಅಂಗಡಿಯ ನೋವಿನ ಗುಳಿಗೆ ನುಂಗುವ ರೂಢಿಯನ್ನು ಬಿಡಿಸಬೇಕು. ನೀರು ಕಡಿಮೆಯಾದ ಮೈಗೆ ಈ ಗುಳಿಗೆಗಳು ಬಿದ್ದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು.

3. ಎಣ್ಣೆ ಹೊಡೆಯುವವನ ಜೀವ

2017ರಲ್ಲಿ ನಮ್ಮದೇ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದವರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಕೆಲವರು ಸಣ್ಣ ರೈತರು, ಕೆಲವರು ಕೂಲಿಗೆ ಪಂಪು ಹೊತ್ತವರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು. ಆದ್ದರಿಂದ ಸಿಂಪಡಿಸಿದ್ದು ಗಿಡದ ಮೇಲಿಂದ ಮುಖಕ್ಕೇ ಬೀಳುತ್ತಿತ್ತು. ಎರಡು ಮೂರು ಔಷಧಗಳನ್ನು ಕೂಡಿಸಿ ಹೊಡೆಯುತ್ತಿದ್ದರು. ಕೈಚೀಲ, ಮುಖವಸ್ತ್ರ ಇರಲಿಲ್ಲ. ನಮ್ಮ ತೊಗರಿಯೂ ಹೂ ಬಿಡುವ ಹೊತ್ತಿಗೆ ಎದೆಯ ಮೇಲೆ ಬರುತ್ತದೆ. ಅಲ್ಲಿ ಆದದ್ದು ಇಲ್ಲಿ ಆಗದೆಂದು ತಿಳಿಯಬೇಡಿ.

ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಓದು ಬಾರದವರೂ ಅದನ್ನು ನೋಡಿ ತಿಳಿಯಬಹುದು. ಕೆಂಪು ಎಂದರೆ ಅತ್ಯಂತ ವಿಷ, ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಹಸಿರು ಎಂದರೆ ವಿಷವಿಲ್ಲ ಎಂದಲ್ಲ. ಅಂಗಡಿಯವನನ್ನು ಕೆಂಪು ಡಬ್ಬಿ ಬೇಡ, ಇದೇ ಹುಳಕ್ಕೆ ಬೇರೆ ಉಂಟೇ ಎಂದು ಕೇಳುವುದು ಯಜಮಾನನ ಮೊದಲ ಕರ್ತವ್ಯ.

ಔಷಧದ ದುಡ್ಡು ಕೊಡುವವರು ಕೈಚೀಲ, ಕನ್ನಡಕ, ಮುಖವಸ್ತ್ರ, ತುಂಬು ತೋಳಿನ ಅಂಗಿ ಇವುಗಳ ದುಡ್ಡನ್ನೂ ಕೊಡಬೇಕು. ಗಾಳಿಗೆ ಬೆನ್ನು ಮಾಡಿ, ತಂಪು ಹೊತ್ತಿನಲ್ಲಿ ಹೊಡೆಯಬೇಕು. ಕೋಲಿನಿಂದ ಕಲಸಬೇಕು, ಕೈಯಿಂದಲ್ಲ. ನಾಜಲ್ ಕಟ್ಟಿದರೆ ಬಾಯಿಂದ ಊದಕೂಡದು. ಕೈ ತೊಳೆಯದೆ ತಂಬಾಕು, ಗುಟ್ಕಾ, ರೊಟ್ಟಿ ಮುಟ್ಟಕೂಡದು. ಸೋರುವ ಪಂಪನ್ನು ಯಾರ ಬೆನ್ನಿಗೂ ಹೊರಿಸಕೂಡದು. ಹುಡುಗರಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಈ ಕೆಲಸ ಹೇಳಲೇಬಾರದು. ಹೊಡೆದ ಮರುದಿನ ಬೆಳಿಗ್ಗೆಯೇ ಹೆಣ್ಣಾಳುಗಳನ್ನು ಕಸ ತೆಗೆಯಲು ಅದೇ ಹೊಲಕ್ಕೆ ಕಳಿಸುವ ಪದ್ಧತಿ ನಿಲ್ಲಬೇಕು. ಕನಿಷ್ಠ ಒಂದು ಪೂರ್ತಿ ದಿನ, ಚೀಟಿಯಲ್ಲಿ ಹೆಚ್ಚು ಬರೆದಿದ್ದರೆ ಅಷ್ಟು ದಿನ, ಬಿಡಬೇಕು. ಖಾಲಿ ಡಬ್ಬಿಯನ್ನು ತೂತು ಮಾಡಿ ಕೆಡಿಸಬೇಕು, ನೀರು ತುಂಬಲು ಮನೆಗೆ ಒಯ್ಯಕೂಡದು.

ಹೊಡೆಯುವವನಿಗೆ ತಲೆನೋವು, ವಿಪರೀತ ಬೆವರು, ಜೊಲ್ಲು, ಕಣ್ಣೀರು, ವಾಂತಿ, ದೃಷ್ಟಿ ಮಂಜು, ಕಣ್ಣಿನ ಕಪ್ಪು ಸೂಜಿಮೊನೆಯಷ್ಟು ಸಣ್ಣದಾಗುವುದು ಇವು ಕಂಡರೆ ಬಿಸಿಲಿನ ಬಳಲಿಕೆ ಎಂದು ಮಲಗಿಸಬೇಡಿ. ಹೊಲದಿಂದ ಹೊರಗೆ ತಂದು, ಬಟ್ಟೆ ಬಿಚ್ಚಿ, ಸಾಬೂನಿನಿಂದ ಮೈ ತೊಳೆದು, ಎಡಮಗ್ಗುಲಿಗೆ ಮಲಗಿಸಿ, ಡಬ್ಬಿಯನ್ನೋ ಚೀಟಿಯನ್ನೋ ಜೊತೆಗಿಟ್ಟು ಆಸ್ಪತ್ರೆಗೆ ಒಯ್ಯಿರಿ. ಚೀಟಿ ನೋಡಿದರೆ ವೈದ್ಯರಿಗೆ ಯಾವ ವಿಷವೆಂದು ಹುಡುಕುವ ಹೊತ್ತು ಉಳಿಯುತ್ತದೆ. ವಾಂತಿ ಮಾಡಿಸುವ ಉಪಾಯಗಳನ್ನು ಮಾಡಬೇಡಿ.

4. ರಾಶಿಯ ಯಂತ್ರ ಮತ್ತು ಹಾವು

ರಾಶಿಯ ಕಾಲದಲ್ಲಿ ಕೈ ಕಳೆದುಕೊಂಡವರನ್ನು ಈ ಸೀಮೆಯ ಎಷ್ಟೋ ಊರುಗಳಲ್ಲಿ ಕಾಣುತ್ತೇವೆ. ಇಂಥ ಅಪಘಾತಗಳ ಕಾರಣದಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದಿತು. ಪೈರು ತುರುಕುವ ಬಾಯಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ 45 ಸೆಂಟಿಮೀಟರ್ ಮುಚ್ಚಿರಬೇಕೆಂಬುದು ಸುರಕ್ಷತೆಯ ಪ್ರಮಾಣ. ಹಾಗಿದ್ದರೆ ಕೈ ಹಲ್ಲಿನ ತನಕ ಹೋಗಲಾರದು. ಹಳೆಯ ಯಂತ್ರದ ಬಾಯಿ ಗಿಡ್ಡವಿದ್ದರೆ ಊರ ಬಡಿಗನಿಂದಲೋ ವೆಲ್ಡಿಂಗ್ ಅಂಗಡಿಯಿಂದಲೋ ಉದ್ದ ಮಾಡಿಸಬಹುದು. ಪೈರು ಕೊಡುವವನು ಸಡಿಲ ಅಂಗಿ, ಧೋತರದ ತುದಿ, ಕೈಕಡಗ ಇವನ್ನು ಬಿಡಬೇಕು. ಹೆಣ್ಣುಮಕ್ಕಳು ಸೆರಗು, ಜಡೆ ಬಿಗಿಯಾಗಿ ಕಟ್ಟಬೇಕು. ಕುಡಿದವನನ್ನು ಯಂತ್ರದ ಹತ್ತಿರ ಬಿಡಕೂಡದು. ಅಪಘಾತ ಹೆಚ್ಚಾಗಿ ನಿದ್ದೆಗೆಟ್ಟ ರಾತ್ರಿಯಲ್ಲಿ ಆಗುತ್ತದೆ. ಆದ್ದರಿಂದ ಒಬ್ಬನೇ ರಾತ್ರಿಯಿಡೀ ನಿಲ್ಲದೆ ಪಾಳಿ ಬದಲಿಸಬೇಕು.

ಸೋಯಾಬೀನ್ ಕೊಯ್ಯುವಾಗ ಬಗ್ಗಿದ ಕೈಗೆ ಹಾವು ಕಚ್ಚುವುದೂ ಉಂಟು. ಕಚ್ಚಿದ ಕೈಯನ್ನು ಹಗ್ಗದಿಂದ ಬಿಗಿಯುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಇವೆಲ್ಲ ಕೇಡು. ಕೈಯನ್ನು ಅಲ್ಲಾಡದಂತೆ ಹಿಡಿದು, ಹೆದರಿದವನಿಗೆ ಧೈರ್ಯ ಹೇಳಿ, ಮಂತ್ರ ಹಾಕುವವರ ಮನೆಗೆ ಸುತ್ತದೆ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ಹಾವನ್ನು ಹಿಡಿದು ತರಲು ಹೊತ್ತು ಕಳೆಯಬೇಡಿ. ಕುಡುಗೋಲಿನ ಗಾಯಕ್ಕೆ ಮಣ್ಣು, ಸುಣ್ಣ ಹಚ್ಚದೆ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಬೇಕು.

5. ಹೆಣ್ಣಾಳುಗಳು ಹೇಳಿಕೊಳ್ಳದ ಕಷ್ಟ

ಈ ವಿಷಯವನ್ನು ಇಲ್ಲಿ ಬರೆಯುವುದು ಕೆಲವರಿಗೆ ಸಂಕೋಚವೆನಿಸಬಹುದು. ಆದರೆ ಸಂಕೋಚದಿಂದಲೇ ಬಹಳ ಕೇಡಾಗಿದೆ.

ಬೀಡ ಜಿಲ್ಲೆಯಿಂದ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಕಬ್ಬು ಕಡಿಯಲು ಹೋಗುತ್ತಾರೆ. ಗಂಡಹೆಂಡಿರನ್ನು ಕೂಡಿಸಿ ಒಂದು ಕೊಯ್ತಾ ಎಂದು ಎಣಿಸಿ ಮುಂಗಡ ಕೊಡುತ್ತಾರೆ. ಒಂದು ದಿನ ತಪ್ಪಿದರೆ ಖಾಡಾ ಎಂಬ ದಂಡ. 2019ರಲ್ಲಿ ಆ ದಂಡ ದಿನಕ್ಕೆ 500 ರೂಪಾಯಿಯವರೆಗೆ ಇದ್ದಿತೆಂದು ವರದಿಯಾಯಿತು. ಮುಟ್ಟಿನ ಹೊಟ್ಟೆನೋವಿಗೂ ರಜೆ ಇಲ್ಲ, ಹೊಲದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ. ಬಿಳಿ ಸೆರಗೋ ಹೆಚ್ಚು ರಕ್ತಸ್ರಾವವೋ ಆಗಿ ವೈದ್ಯರ ಬಳಿ ಹೋದರೆ ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆದೀತು ಎಂಬ ಹೆದರಿಕೆ. ಅದೇ ವರ್ಷ ಸರಕಾರ ವಿಧಾನ ಪರಿಷತ್ತಿನ ಉಪಸಭಾಪತಿ ನೀಲಂ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಬೀಡ ಜಿಲ್ಲೆಯಲ್ಲಿ ವಿಚಾರಿಸಿದ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯುವ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಅಂದರೆ ಆರರಲ್ಲಿ ಒಬ್ಬರು. 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಇದು ನೂರಕ್ಕೆ ಸುಮಾರು ಮೂರು ಮಾತ್ರ.

ಇದು ದೂರದ ಮಾತಲ್ಲ. ನಮ್ಮ ಗಡಿಗೆ ಹತ್ತಿದ ಕಲಬುರ್ಗಿ ಜಿಲ್ಲೆಯಲ್ಲಿಯೂ ಲಂಬಾಣಿ ಮತ್ತು ದಲಿತ ಕೂಲಿ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಇದೇ ಶಸ್ತ್ರಕ್ರಿಯೆ ಮಾಡಿದ ಸಂಗತಿ 2015ರಲ್ಲಿ ಬೆಳಕಿಗೆ ಬಂದು, ಆ ಮಹಿಳೆಯರು ಬೀದಿಗಿಳಿದು ನ್ಯಾಯ ಕೇಳಿದರು. 2023ರಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರ ಸರಕಾರದ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದು ಆದೇಶಿಸಿತು.

ತಾಯಂದಿರೇ, ಸೋದರಿಯರೇ, ಬಿಳಿ ಸೆರಗು, ಸೋಂಕು, ಹೆಚ್ಚು ಸ್ರಾವ ಇವು ಬಹಳ ಸಲ ಗುಳಿಗೆ ಔಷಧದಿಂದಲೇ ವಾಸಿಯಾಗುತ್ತವೆ. ಶಸ್ತ್ರಕ್ರಿಯೆ ಕೆಲವರಿಗೆ ನಿಜವಾಗಿ ಬೇಕಾಗುತ್ತದೆ. ಆದರೆ ಒಬ್ಬರ ಮಾತಿನ ಮೇಲೆ ಒಪ್ಪಬೇಡಿ, ಸರಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿರಿ. ಹರೆಯದಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಎಲುಬು ಬೇಗ ಸವೆಯುತ್ತದೆ, ಹೃದಯಕ್ಕೂ ಅಪಾಯ. ದುಡಿಯುವ ಶಕ್ತಿ ಉಳಿಯಲೆಂದು ಮಾಡಿಸಿದ್ದು ದುಡಿಯುವ ಶಕ್ತಿಯನ್ನೇ ಕಸಿಯುತ್ತದೆ.

ಯಜಮಾನರು ಒಂದು ಸಂಬಂಧವನ್ನು ಗಮನಿಸಬೇಕು. ಮರೆ ಇಲ್ಲದ ಹೊಲಕ್ಕೆ ಹೋಗುವ ಹೆಣ್ಣುಮಗಳು ಮೂತ್ರಕ್ಕೆ ಹೋಗಬೇಕಾದೀತೆಂದು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಆದ್ದರಿಂದ ನೀವು ಕೊಡ ತುಂಬಿ ಇಟ್ಟರೂ ಅದು ಹಾಗೇ ಉಳಿಯುತ್ತದೆ. ಅವಳಿಗೆ ಮೂತ್ರದ ಉರಿಯೂ ಬಿಸಿಲಿನ ಕೇಡೂ ಎರಡೂ ಹತ್ತುತ್ತವೆ. ಬದುವಿನ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು ಹಳೆಯ ತಾಡಪತ್ರಿ ಕಟ್ಟಿ, ಒಳಗೆ ಒಂದು ಕುಣಿ, ಒಂದು ಬಕೆಟ್ ನೀರು, ಸಾಬೂನು ಇಟ್ಟರೆ ಸಾಕು. ಖರ್ಚು ಒಂದು ಆಳಿನ ಕೂಲಿಯಷ್ಟೂ ಆಗದು. ಬಸುರಿಗೆ ಭಾರ ಹೊರಿಸಬೇಡಿ. ಕೂಸನ್ನು ಮಲಗಿಸಲು ನೆರಳಿನಲ್ಲಿ ಜಾಗ ಮಾಡಿಕೊಡಿ.

6. ಮನಸ್ಸಿನ ಭಾರ

ಆರೋಗ್ಯವೆಂದರೆ ಮೈಯೊಂದೇ ಅಲ್ಲ. ಕೂಲಿ ಎಂದು ಸಿಗುವುದೋ ತಿಳಿಯದವನಿಗೆ, ಮುಂಗಡದ ಸಾಲ ತೀರದವನಿಗೆ, ನಾಲ್ಕು ಜನರ ಎದುರು ಬೈಸಿಕೊಂಡವನಿಗೆ ರಾತ್ರಿ ನಿದ್ದೆ ಬಾರದು. ನಿದ್ದೆ ಬಾರದವನು ಕುಡಿಯುತ್ತಾನೆ. ಕುಡಿದವನು ಮರುದಿನ ಯಂತ್ರದ ಬಾಯಿಯ ಮುಂದೆ ನಿಲ್ಲುತ್ತಾನೆ. ಹೀಗೆ ಮನಸ್ಸಿನ ನೋವು ಮೈಯ ಅಪಘಾತವಾಗುತ್ತದೆ.

ಆದ್ದರಿಂದ ಕೂಲಿಯನ್ನು ಹೇಳಿದ ದಿನ ಕೊಡಬೇಕು. ಸಾಲಗಡಿಯ ಮುಂಗಡದ ಲೆಕ್ಕವನ್ನು ವಹಿಯಲ್ಲಿ ಬರೆದು ಅವನ ಮನೆಯವರಿಗೂ ಓದಿ ಹೇಳಬೇಕು. ವಾರಕ್ಕೊಂದು ದಿನ ರಜೆ ಕೊಡಬೇಕು. ಹಿರಿಯ ಆಳನ್ನು ಏಕವಚನದಲ್ಲಿ ಕರೆಯದೆ ಕಾಕಾ, ಅಣ್ಣಾ ಎಂದೋ, ಹೆಣ್ಣುಮಕ್ಕಳನ್ನು ಅವ್ವಾ, ಅಕ್ಕಾ ಎಂದೋ ಮಾತನಾಡಿಸಬೇಕು. "ಅಕ್ಕಾ, ಊಟ ಆತೇನ್ರಿ?" ಎಂದು ಕೇಳಲು ದುಡ್ಡು ಬೇಕಾಗಿಲ್ಲ. ಸದಾ ಮಾತನಾಡುತ್ತಿದ್ದವನು ಸುಮ್ಮನಾದರೆ, ಬದುಕು ಸಾಕೆಂಬ ಮಾತು ಆಡಿದರೆ, ಅದನ್ನು ನಗೆಗೆ ಹಾಕಬೇಡಿ. ಒಬ್ಬನನ್ನೇ ಬಿಡಬೇಡಿ, ಔಷಧದ ಡಬ್ಬಿಗಳನ್ನು ಬೀಗದಲ್ಲಿಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಫೋನ್ ಮಾಡಿ ನಮ್ಮ ಭಾಷೆಯಲ್ಲೇ ಮಾತನಾಡಬಹುದು.

7. ಇಪ್ಪತ್ತು ರೂಪಾಯಿಯ ವಿಮೆ

ಮಹಾರಾಷ್ಟ್ರ ಸರಕಾರ 2023ರಿಂದ ನಡೆಸುತ್ತಿರುವ ಗೋಪಿನಾಥ ಮುಂಡೆ ಶೇತಕರಿ ಅಪಘಾತ ಯೋಜನೆಯಲ್ಲಿ ರೈತ ಅಪಘಾತದಿಂದ ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಅದು ಉತಾರದಲ್ಲಿ ಹೆಸರಿರುವ ರೈತನಿಗೆ ಮತ್ತು ಅವನ ಮನೆಯ ಒಬ್ಬರಿಗೆ. ಅದೇ ಹೊಲದಲ್ಲಿ, ಅದೇ ಯಂತ್ರಕ್ಕೆ ಕೈ ಕೊಟ್ಟ ಭೂಮಿಯಿಲ್ಲದ ಕೂಲಿಯವನಿಗೆ ಅಲ್ಲ.

ಅವನಿಗೊಂದು ದಾರಿ ಇದೆ. ಬ್ಯಾಂಕಿನಲ್ಲಿ ಖಾತೆ ಇರುವ 18ರಿಂದ 70 ವರ್ಷದ ಯಾರೇ ಆಗಲಿ ಪ್ರಧಾನ ಮಂತ್ರಿ ಸುರಕ್ಷಾ ವಿಮೆಗೆ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಿಂದ ಸತ್ತರೆ 2 ಲಕ್ಷ. ಪ್ರತಿ ವರ್ಷ ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣ ಇರುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಖಾಯಂ ಬರುವ ಆರು ಆಳುಗಳಿಗೆ ನಾವೇ ಕಟ್ಟಿದರೆ 120 ರೂಪಾಯಿ. ಯುಗಾದಿಗೆ ಸಾಲಗಡಿಯ ಕರಾರು ಮಾಡುವಾಗ ಬಟ್ಟೆ, ಚಪ್ಪಲಿಗಳ ಜೊತೆ ಇದನ್ನೂ ಸೇರಿಸುವ ರೂಢಿ ಮಾಡೋಣ.

ಮನೆಯಲ್ಲಿ ಕೂಡಿ ವಿಚಾರ ಮಾಡಲು ಪ್ರಶ್ನೆಗಳು

ಅ. ನಮ್ಮ ಹೊಲದಲ್ಲಿ ಆಳುಗಳು ಕುಡಿಯುವ ನೀರು ಎಷ್ಟು ಹೆಜ್ಜೆ ದೂರದಲ್ಲಿದೆ? ಮಧ್ಯಾಹ್ನದ ನೆರಳು ಎಲ್ಲಿದೆ?

ಆ. ನಮ್ಮ ಮನೆಯಲ್ಲಿರುವ ಔಷಧದ ಡಬ್ಬಿಗಳ ತ್ರಿಕೋನ ಯಾವ ಬಣ್ಣದ್ದು? ಹೊಡೆಯುವವನಿಗೆ ನಾವು ಏನೇನು ಕೊಟ್ಟಿದ್ದೇವೆ?

ಇ. ನಮ್ಮ ಹೊಲಕ್ಕೆ ಬರುವ ಹೆಣ್ಣುಮಕ್ಕಳು ಮರೆಗೆ ಎಲ್ಲಿ ಹೋಗುತ್ತಾರೆ? ಇದನ್ನು ಮನೆಯ ಹೆಣ್ಣುಮಕ್ಕಳು ಅವರನ್ನೇ ಕೇಳಿ ತಿಳಿಯಲಿ.

ಈ. ಯಾರ ಕೂಲಿಯಾದರೂ ನಮ್ಮಲ್ಲಿ ಬಾಕಿ ಇದೆಯೇ? ಇದ್ದರೆ ಯಾವ ದಿನ ಕೊಡುತ್ತೇವೆ?

ಈ ನಾಲ್ಕರಲ್ಲಿ ಒಂದನ್ನಾದರೂ ಬರುವ ರಾಶಿಗೆ ಮೊದಲು ಸರಿಪಡಿಸಬೇಕೆಂದು ನಾವು ಎಲ್ಲ ಮನೆಯವರಲ್ಲಿ ಕೇಳಿಕೊಳ್ಳುತ್ತೇವೆ. ಓದು ಬಾರದ ನೆರೆಯವರಿಗೆ, ಅದರಲ್ಲೂ ಪಂಪು ಹೊರುವವರಿಗೆ, ಈ ಪುಟವನ್ನು ಓದಿ ಹೇಳಿರಿ.